ತೆಂಗಿನ ತೋಟಕ್ಕೆ ಬರ ಪರಿಹಾರ: ಲೆಕ್ಕ ತಪ್ಪುವುದು ಎಲ್ಲಿ?

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹಗಲು ರೈಲಿನಲ್ಲಿ ಹೋಗಿದ್ದರೆ ಈ ದೃಶ್ಯ ನಿಮಗೆ ಪರಿಚಿತ. ಗುಬ್ಬಿ ದಾಟಿದ ಮೇಲೆ ತೆಂಗಿನ ತೋಟಗಳು ಒತ್ತಾಗುತ್ತಾ ಹೋಗುತ್ತವೆ. ಬಾಣಸಂದ್ರ, ಕರಡಿ, ತಿಪಟೂರು ಬರುವಷ್ಟರಲ್ಲಿ ಹಳಿಯ ಎರಡೂ ಬದಿಗೆ ತೆಂಗಿನದೇ ಸಾಮ್ರಾಜ್ಯ. ಮಳೆ ಕೈಕೊಟ್ಟ ವರ್ಷದಲ್ಲಿ ಇದೇ ದಾರಿಯಲ್ಲಿ ಹೋದರೆ ಇನ್ನೊಂದು ಸಂಗತಿ ಕಾಣುತ್ತದೆ. ರಾಗಿ ಹೊಲ ಬಾಡಿ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ, ತೆಂಗಿನ ತೋಟ ಮಾತ್ರ ಹೆಚ್ಚುಕಡಿಮೆ ಹಸಿರಾಗಿಯೇ ಇರುತ್ತದೆ. "ತೆಂಗಿನವರಿಗೇನು ಬರ?" ಎಂದು ಕೇಳುವವರೂ ಇದ್ದಾರೆ.

ಎರಡು ವರ್ಷ ಕಳೆಯಲಿ. ಮಳೆ ಚೆನ್ನಾಗಿ ಬಂದು ರಾಗಿ ಹುಲುಸಾಗಿ ಬೆಳೆದಿರುತ್ತದೆ. ಆಗ ತೆಂಗಿನ ತೋಟಕ್ಕೆ ಹೋಗಿ ತಲೆ ಎತ್ತಿ ನೋಡಿ. ಗೊನೆಗಳಲ್ಲಿ ಕಾಯಿ ಇರುವುದಿಲ್ಲ. ಬರ ಬಂದ ವರ್ಷ ಹಸಿರಾಗಿದ್ದ ಮರ, ಬರ ಹೋದ ಮೇಲೆ ಬರಿದಾಗಿರುತ್ತದೆ. ಇದು ಹೇಗೆ? ಸರ್ಕಾರ ಕೊಡುವ ಬೆಳೆಹಾನಿ ಪರಿಹಾರದ ಲೆಕ್ಕದಲ್ಲಿ ಈ ನಷ್ಟಕ್ಕೆ ಜಾಗವಿದೆಯೇ? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ನೋಡೋಣ. ಮೊದಲನೆಯದು ಸಸ್ಯವಿಜ್ಞಾನದ್ದು, ಎರಡನೆಯದು ಆಡಳಿತದ್ದು. ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗದು.

ಮಳೆನಾಡಿನ ಮರ, ಬಯಲುನಾಡಿನ ಬದುಕು

ತೆಂಗು ಮೂಲತಃ ಕರಾವಳಿಯ ಮರ. ವರ್ಷಕ್ಕೆ 1,300 ಮಿಲಿಮೀಟರಿಗೂ ಹೆಚ್ಚು ಮಳೆ, ಅದೂ ವರ್ಷವಿಡೀ ಹಂಚಿಕೊಂಡು ಬೀಳುವ ಕಡೆ ಅದು ಸುಖವಾಗಿ ಬೆಳೆಯುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಬೀಳುವ ಮಳೆ ಸರಿಸುಮಾರು ಅದರ ಅರ್ಧ. ಆದರೂ ಇಲ್ಲಿ ತೆಂಗು ನೆಲೆ ನಿಂತಿದೆ. ಕೆರೆಗಳ ಕೆಳಗಿನ ತಗ್ಗು ಭೂಮಿ, ಹಳ್ಳಗಳ ಪಕ್ಕದ ಮೆಕ್ಕಲು ಮಣ್ಣು, ಮೇಲಿನಿಂದ ಒಸರುವ ಅಂತರ್ಜಲ ಇವು ಹಳೆಯ ತೋಟಗಳ ಆಧಾರ. ಆಮೇಲೆ ಕೊಳವೆಬಾವಿಗಳು ಬಂದವು, ತೋಟಗಳು ತಗ್ಗಿನಿಂದ ದಿಣ್ಣೆಗೆ ಹತ್ತಿದವು. ಕೆಲವು ಭಾಗಕ್ಕೆ ಹೇಮಾವತಿ ನಾಲೆಯ ನೀರು ಬಂತು.

ಇಲ್ಲಿಯ ಎತ್ತರದ ತೆಂಗಿನ ತಳಿಗೆ ತಿಪಟೂರಿನ ಹೆಸರೇ ಇದೆ. ಅದರ ಕಾಯಿ ಉಂಡೆ ಕೊಬ್ಬರಿಗೆ ಹೇಳಿ ಮಾಡಿಸಿದ್ದು. ಬಲಿತ ಕಾಯಿಯನ್ನು ಸಿಪ್ಪೆ ಸಹಿತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಸದ್ದು ಮಾಡುತ್ತದೆ. ಒಡೆದು ತೆಗೆದ ಇಡೀ ಉಂಡೆ ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಗೆ ಹೋಗುತ್ತದೆ. ಅಟ್ಟದ ಮೇಲಿನ ಈ ಕಾಯುವಿಕೆಯನ್ನು ನೆನಪಿಡಿ, ಮುಂದಿನ ಲೆಕ್ಕಕ್ಕೆ ಅದು ಬೇಕಾಗುತ್ತದೆ.

ಒಂದೇ ಮರದಲ್ಲಿ 44 ತಿಂಗಳ ಫಸಲು

ರಾಗಿಯ ಬದುಕು ನಾಲ್ಕು ತಿಂಗಳದ್ದು. ಬಿತ್ತಿದ ಮೇಲೆ ಮಳೆ ಬಾರದಿದ್ದರೆ ಅದೇ ಹಂಗಾಮಿನಲ್ಲಿ ನಷ್ಟ ಕಣ್ಣಿಗೆ ಕಾಣುತ್ತದೆ. ತೆಂಗಿನ ಕ್ರಮ ಬೇರೆ.

ಬೆಳೆದ ತೆಂಗಿನ ಮರ ತಿಂಗಳಿಗೆ ಸುಮಾರು ಒಂದು ಹೊಸ ಗರಿ ಬಿಡುತ್ತದೆ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಈ ಹೊಂಬಾಳೆ ನಮಗೆ ಕಾಣುವುದು ಅದು ಒಡೆದು ಅರಳಿದಾಗ. ಆದರೆ ಅದರ ಮೊಳಕೆ ಸುಳಿಯ ಒಳಗೆ ಮೂಡಿದ್ದು ಸುಮಾರು 32 ತಿಂಗಳು ಮುಂಚೆ. ಆಗ ಅದು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಅಂಗಾಂಶದ ಉಬ್ಬು. ಅರಳುವ ಸುಮಾರು 16 ತಿಂಗಳು ಮುಂಚೆ ಅದರಲ್ಲಿ ಕವಲುಗಳು ಮೂಡುತ್ತವೆ. ಆಮೇಲೆ ಗಂಡು ಹೂ, ಹೆಣ್ಣು ಹೂಗಳು ಬೇರೆಬೇರೆಯಾಗುತ್ತವೆ. ಅರಳುವ ಆರೇಳು ತಿಂಗಳು ಮುಂಚೆ ಹೆಣ್ಣು ಹೂವಿನ ಅಂಡಾಶಯ ರೂಪುಗೊಳ್ಳುತ್ತದೆ. ಅರಳಿದ ಮೇಲೆ ಪರಾಗಸ್ಪರ್ಶವಾಗಿ ಹರಳು ಕಟ್ಟಿ, ಎಳನೀರಾಗಿ, ಬಲಿತ ಕಾಯಾಗಲು ಮತ್ತೆ ಹನ್ನೆರಡು ತಿಂಗಳು. ಒಟ್ಟು 44 ತಿಂಗಳು.

ತಿಂಗಳಿಗೊಂದು ಹೊಂಬಾಳೆ ಎಂದರೆ ಯಾವುದೇ ದಿನ ಒಂದು ಮರದಲ್ಲಿ ಬೇರೆ ಬೇರೆ ವಯಸ್ಸಿನ ನಲವತ್ತಕ್ಕೂ ಹೆಚ್ಚು ಗೊನೆಗಳು ಇರುತ್ತವೆ ಎಂದಾಯಿತು. ಹನ್ನೆರಡು ಹೊರಗೆ ಕಾಣುತ್ತವೆ. ಉಳಿದವು ಸುಳಿಯೊಳಗೆ, ಗರಿಗಳ ಬುಡದಲ್ಲಿ ಅಡಗಿವೆ. ಬರ ಬಂದರೆ ಅದು ಹೊಡೆಯುವುದು ಈ ಎಲ್ಲವನ್ನೂ.

ನೀರಿನ ಕೊರತೆಯಾದಾಗ ಮರ ಮೊದಲು ತನ್ನ ಜೀವ ಉಳಿಸಿಕೊಳ್ಳುತ್ತದೆ. ಎಲೆಯ ಪತ್ರರಂಧ್ರಗಳನ್ನು ಮುಚ್ಚಿ ನೀರು ಆವಿಯಾಗುವುದನ್ನು ತಡೆಯುತ್ತದೆ. ರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ನಿಲ್ಲುತ್ತದೆ, ಆಹಾರ ತಯಾರಿಕೆ ಇಳಿಯುತ್ತದೆ. ಇದ್ದ ಅಲ್ಪ ಆಹಾರವನ್ನು ಸುಳಿಗೂ ಬೇರಿಗೂ ಕೊಟ್ಟು ಹರಳುಗಳನ್ನು ಉದುರಿಸುತ್ತದೆ. ಕೆಳಗಿನ ಗರಿಗಳು ಜೋತು ಬೀಳುತ್ತವೆ. ಬರ ಇನ್ನೂ ಮುಂದುವರಿದರೆ ಸುಳಿಯೊಳಗಿನ ಎಳೆಯ ಹೊಂಬಾಳೆಗಳು ಅಲ್ಲೇ ಮುರುಟುತ್ತವೆ, ಇಲ್ಲವೇ ಹೆಣ್ಣು ಹೂಗಳೇ ಇಲ್ಲದೆ ಅರಳುತ್ತವೆ. ಹೊರಗಿನಿಂದ ನೋಡಿದವರಿಗೆ ಮರ ಹಸಿರಾಗಿಯೇ ಇದೆ.

2023ರ ಆಗಸ್ಟನ್ನು ತೆಗೆದುಕೊಳ್ಳಿ. ಆ ತಿಂಗಳು ಕರ್ನಾಟಕದಲ್ಲಿ ಮಳೆ ತೀವ್ರವಾಗಿ ಕೊರತೆಯಾಯಿತು. ಆ ತಿಂಗಳಲ್ಲಿ ಅರಳಿದ ಹೊಂಬಾಳೆ ಹರಳು ಉದುರಿಸಿದರೆ ನಷ್ಟವಾಗುವುದು 2024ರ ಆಗಸ್ಟಿನ ಕಾಯಿ. ಅದೇ ತಿಂಗಳಲ್ಲಿ ಕವಲು ಒಡೆಯುವ ಹಂತದಲ್ಲಿದ್ದ ಹೊಂಬಾಳೆಗೆ ಪೆಟ್ಟು ಬಿದ್ದರೆ ನಷ್ಟವಾಗುವುದು 2025ರ ಡಿಸೆಂಬರಿನ ಕಾಯಿ. ಅದೇ ತಿಂಗಳಲ್ಲಿ ಮೊಳಕೆಯೊಡೆದ ಹೊಂಬಾಳೆ ಅರಳುವುದು 2026ರ ಏಪ್ರಿಲಿನಲ್ಲಿ, ಅದರ ಕಾಯಿ ಬಲಿಯುವುದು 2027ರ ಏಪ್ರಿಲಿನಲ್ಲಿ. ಆ ಕಾಯಿ ಅಟ್ಟದ ಮೇಲೆ ಹತ್ತು ತಿಂಗಳು ಕುಳಿತು ಕೊಬ್ಬರಿಯಾಗಿ ಮಾರಾಟವಾಗುವುದು 2028ರ ಆರಂಭದಲ್ಲಿ. ಒಂದು ತಿಂಗಳ ಬರದ ಲೆಕ್ಕ ರೈತನ ಕೈಗೆ ಪೂರ್ತಿ ಬರಲು ನಾಲ್ಕೂವರೆ ವರ್ಷ!

ಪರಿಹಾರದ ವ್ಯವಸ್ಥೆ ಹೇಗೆ ನಡೆಯುತ್ತದೆ?

ಈಗ ಆಡಳಿತದ ಕಡೆ ಬರೋಣ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಅಡಿಯಲ್ಲಿ ಎರಡು ನಿಧಿಗಳಿವೆ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ. 75, ರಾಜ್ಯದ ಪಾಲು ಶೇ. 25. ಅದು ಸಾಲದಷ್ಟು ದೊಡ್ಡ ವಿಪತ್ತಾದರೆ ರಾಷ್ಟ್ರೀಯ ನಿಧಿಯಿಂದ ಕೇಳಬಹುದು. ಯಾವುದನ್ನು ವಿಪತ್ತು ಎಂದು ಪರಿಗಣಿಸಬೇಕು ಎಂಬುದಕ್ಕೂ ಪಟ್ಟಿಯಿದೆ. ಬರ, ಪ್ರವಾಹ, ಚಂಡಮಾರುತ, ಆಲಿಕಲ್ಲು ಮಳೆ, ಭೂಕಂಪ ಇತ್ಯಾದಿಗಳ ಜೊತೆಗೆ ಕೀಟಬಾಧೆಯೂ ಅದರಲ್ಲಿದೆ. ಕಪ್ಪುತಲೆ ಹುಳು, ನುಸಿಗಳ ಕಾಟ ಕಂಡ ತೆಂಗಿನ ಬೆಳೆಗಾರರು ಈ ಮಾತನ್ನು ಗಮನಿಸಬೇಕು.

ಬರ ಘೋಷಣೆ ಅಂದಾಜಿನ ಮೇಲೆ ಆಗುವುದಿಲ್ಲ. ಕೇಂದ್ರ ಕೃಷಿ ಸಚಿವಾಲಯ 2016ರಲ್ಲಿ ಪರಿಷ್ಕರಿಸಿದ ಬರ ನಿರ್ವಹಣಾ ಕೈಪಿಡಿ ಅದಕ್ಕೆ ಮೆಟ್ಟಿಲುಗಳನ್ನು ಹಾಕಿದೆ. ಮೊದಲ ಮೆಟ್ಟಿಲು ಮಳೆ. ವಾಡಿಕೆಗಿಂತ ಎಷ್ಟು ಕಡಿಮೆ, ಸತತ ಎಷ್ಟು ವಾರ ಒಣಹವೆ ಎಂಬುದನ್ನು ನೋಡುತ್ತಾರೆ. ನಮ್ಮಲ್ಲಿ ಈ ಅಂಕಿಗಳನ್ನು ಒದಗಿಸುವುದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಸಂಸ್ಥೆ ಇದು. ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಅದರ ಸ್ವಯಂಚಾಲಿತ ಮಳೆಮಾಪಕಗಳಿವೆ.

ಎರಡನೆಯ ಮೆಟ್ಟಿಲು ಪರಿಣಾಮ. ಬಿತ್ತನೆ ಎಷ್ಟಾಗಿದೆ, ಉಪಗ್ರಹ ಚಿತ್ರದಲ್ಲಿ ಹಸಿರು ಎಷ್ಟಿದೆ, ಮಣ್ಣಿನ ತೇವಾಂಶ ಬೆಳೆಗೆ ಸಾಲುತ್ತದೆಯೇ, ಜಲಾಶಯ ಮತ್ತು ಅಂತರ್ಜಲದ ಸ್ಥಿತಿ ಏನು ಎಂಬುದನ್ನು ಪರಿಶೀಲಿಸುತ್ತಾರೆ. ಮೂರನೆಯದು ಸ್ಥಳ ಪರಿಶೀಲನೆ. ಬರಪೀಡಿತವೆನಿಸಿದ ತಾಲ್ಲೂಕಿನ ಶೇ. 10ರಷ್ಟು ಹಳ್ಳಿಗಳಲ್ಲಿ ಹೊಲಗಳಿಗೇ ಹೋಗಿ ಬೆಳೆ ನಷ್ಟ ನೋಡಬೇಕು. ನಷ್ಟ ಶೇ. 33ರಿಂದ 50 ಇದ್ದರೆ ಸಾಧಾರಣ ಬರ, 50ಕ್ಕಿಂತ ಹೆಚ್ಚಾದರೆ ತೀವ್ರ ಬರ. ಮುಂಗಾರು ಬರ ಘೋಷಣೆಗೆ ಅಕ್ಟೋಬರ್ 30, ಹಿಂಗಾರಿಗೆ ಮಾರ್ಚ್ 31 ಗಡುವು.

ಹಣದ ಪ್ರಮಾಣವೂ ನಿಗದಿಯಾಗಿದೆ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ ಹೀಗಿತ್ತು: ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ, ತೆಂಗು-ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಒಬ್ಬ ರೈತನಿಗೆ ಎರಡು ಹೆಕ್ಟೇರಿನ ಮಿತಿ. ನಷ್ಟ ಕನಿಷ್ಠ ಶೇ. 33 ಆಗಿರಬೇಕು. 2015ಕ್ಕೆ ಮುಂಚೆ ಈ ಗಡಿ ಶೇ. 50 ಇತ್ತು. ರಾಜ್ಯ ತನ್ನ ಬೊಕ್ಕಸದಿಂದ ಹೆಚ್ಚು ಕೊಡಬಹುದು. 2021ರ ಮಳೆಹಾನಿಯ ನಂತರ ಕರ್ನಾಟಕ ಬಹುವಾರ್ಷಿಕ ಬೆಳೆಯ ಆಗಿನ 18,000 ರೂಪಾಯಿ ದರವನ್ನು 28,000ಕ್ಕೆ ಏರಿಸಿತ್ತು. 2025ರ ಅತಿವೃಷ್ಟಿಗೆ 22,500ರ ಮೇಲೆ 8,500 ಸೇರಿಸಿ 31,000 ರೂಪಾಯಿ ಘೋಷಿಸಿತು.

2023ರ ಬರದಲ್ಲಿ ಈ ಯಂತ್ರ ಎಷ್ಟು ನಿಧಾನವಾಗಿ ತಿರುಗಿತೆಂಬುದು ಎಲ್ಲರ ನೆನಪಿನಲ್ಲಿದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಸುಮಾರು 48 ಲಕ್ಷ ಹೆಕ್ಟೇರ್ ಕೃಷಿ ಮತ್ತು ತೋಟಗಾರಿಕೆ ಬೆಳೆ ಹಾನಿಯಾಗಿದೆ ಎಂದು ರಾಜ್ಯ ವರದಿ ಮಾಡಿ 18,171 ಕೋಟಿ ರೂಪಾಯಿ ಕೇಳಿತು. ಅದರಲ್ಲಿ ಬೆಳೆಹಾನಿಯ ಬಾಬ್ತು 4,663 ಕೋಟಿ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ರೈತರಿಗೆ ತಲಾ 2,000 ರೂಪಾಯಿವರೆಗೆ ಕೊಡಲು ಆರಂಭಿಸಿತು. ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸುಮಾರು 3,454 ಕೋಟಿ ಬಿಡುಗಡೆ ಮಾಡಿತು. ಹಾನಿಯಾದದ್ದು ಮುಂಗಾರಿನಲ್ಲಿ, ಹಣ ಬಂದದ್ದು ಮುಂದಿನ ಬೇಸಿಗೆಯಲ್ಲಿ.

ಈ ತಡವನ್ನು ಎಲ್ಲರೂ ಚರ್ಚಿಸಿದರು. ತೆಂಗಿನ ವಿಷಯದಲ್ಲಿ ಇನ್ನೊಂದು ತಡವಿದೆ, ಅದು ಚರ್ಚೆಗೆ ಬರಲೇ ಇಲ್ಲ. ಅದು ಸರ್ಕಾರದ್ದಲ್ಲ, ಮರದ್ದು.

ಶೇ. 33ರ ಲೆಕ್ಕ ಮಾಡಿ ನೋಡಿ

ಒಂದು ಕಾಲ್ಪನಿಕ ತೋಟವನ್ನು ತೆಗೆದುಕೊಳ್ಳೋಣ. ಮಾಮೂಲಿ ವರ್ಷದಲ್ಲಿ ಮರಕ್ಕೆ ಸರಾಸರಿ 60 ಕಾಯಿ ಬರುತ್ತದೆ ಎಂದಿಟ್ಟುಕೊಳ್ಳಿ. ಒಂದು ತೀವ್ರ ಬರದ ನಂತರ ಇಳುವರಿ ಹೀಗಾಯಿತು:

ಬರ ಬಂದ ವರ್ಷ: 50 ಕಾಯಿ. ನಷ್ಟ 10, ಅಂದರೆ ಸುಮಾರು ಶೇ. 17.
ಮರುವರ್ಷ: 35 ಕಾಯಿ. ನಷ್ಟ 25, ಸುಮಾರು ಶೇ. 42.
ಮೂರನೆಯ ವರ್ಷ: 40 ಕಾಯಿ. ನಷ್ಟ 20, ಸುಮಾರು ಶೇ. 33.
ನಾಲ್ಕನೆಯ ವರ್ಷ: 55 ಕಾಯಿ. ನಷ್ಟ 5, ಸುಮಾರು ಶೇ. 8.

ನಾಲ್ಕು ವರ್ಷದ ನಷ್ಟವನ್ನು ಕೂಡಿಸಿ. ಮರಕ್ಕೆ 60 ಕಾಯಿ! ಒಂದು ಇಡೀ ವರ್ಷದ ಫಸಲು ಹೋದಂತಾಯಿತು. ಆದರೆ ಸಮೀಕ್ಷೆ ನಡೆಯುವುದು ಬರದ ವರ್ಷದಲ್ಲಿ. ಆಗ ನಷ್ಟ ಶೇ. 17 ಮಾತ್ರ, ಗಡಿಯ ಒಳಗೆ ಬರುವುದಿಲ್ಲ. ನಷ್ಟ ಶೇ. 42 ಆದ ಮರುವರ್ಷ ಮಳೆ ಚೆನ್ನಾಗಿ ಬಂದಿದ್ದರೆ ಆ ವರ್ಷ ಬರವೇ ಘೋಷಣೆಯಾಗಿರುವುದಿಲ್ಲ. ಹೀಗೆ ನಿಯಮಗಳನ್ನು ಅಕ್ಷರಶಃ ಪಾಲಿಸಿದರೂ, ಎಲ್ಲ ಅಧಿಕಾರಿಗಳೂ ಪ್ರಾಮಾಣಿಕವಾಗಿ ಕೆಲಸ ಮಾಡಿದರೂ, ಒಂದು ಪೂರ್ತಿ ಫಸಲಿನ ನಷ್ಟ ಲೆಕ್ಕದ ಹೊರಗೆ ಉಳಿಯಬಹುದು. ಇಲ್ಲಿರುವ ತಪ್ಪು ಅಳತೆಗೋಲಿನದು.

ಉಪಗ್ರಹದ ಸಾಕ್ಷಿಯೂ ಇಲ್ಲಿ ಪೂರ್ತಿ ನೆರವಾಗದು. ಸಸ್ಯ ಸೂಚ್ಯಂಕ ಅಳೆಯುವುದು ಎಲೆಯ ಹಸಿರನ್ನು. ತೆಂಗಿನ ಗರಿ ಬಿಚ್ಚಿಕೊಂಡ ಮೇಲೆ ಎರಡೂವರೆ-ಮೂರು ವರ್ಷ ಮರದಲ್ಲೇ ಇರುತ್ತದೆ. ಹರಳು ಉದುರಿದ್ದು, ಸುಳಿಯೊಳಗೆ ಹೊಂಬಾಳೆ ಮುರುಟಿದ್ದು ಆಕಾಶದಿಂದ ಕಾಣುವುದಿಲ್ಲ.

ಧಾನ್ಯಕ್ಕೆ ಹೊಲಿದ ಅಂಗಿ

ಈ ಅಳತೆಗೋಲು ಹೀಗೇಕಿದೆ? ಅದರ ಹುಟ್ಟು ಧಾನ್ಯದ ಹೊಲದಲ್ಲಿ ಆದದ್ದು. ಹತ್ತೊಂಬತ್ತನೆಯ ಶತಮಾನದ ದೊಡ್ಡ ಬರಗಾಲಗಳ ನಂತರ, ಮುಖ್ಯವಾಗಿ ಮೈಸೂರು ಸಂಸ್ಥಾನವನ್ನೂ ಹಿಂಡಿದ 1876-78ರ ಕ್ಷಾಮದ ನಂತರ, ಬ್ರಿಟಿಷ್ ಸರ್ಕಾರ ಕ್ಷಾಮ ಸಂಹಿತೆಗಳನ್ನು ರೂಪಿಸಿತು. ಮುಂಬಯಿ ಪ್ರಾಂತ್ಯದಲ್ಲಿ ಆಣೆವಾರಿ ಪದ್ಧತಿಯಿತ್ತು. ಹದಿನಾರಾಣೆ ಎಂದರೆ ಪೂರ್ಣ ಬೆಳೆ. ಬೆಳೆ ಎಷ್ಟಾಣೆ ಬಂದಿದೆ ಎಂದು ಅಂದಾಜಿಸಿ ಕಂದಾಯ ಮಾಫಿ ನಿರ್ಧರಿಸುತ್ತಿದ್ದರು. ಇಂದಿನ ಶೇ. 33ರ ಗಡಿಯಲ್ಲೂ ಅದೇ ವಿಚಾರಸರಣಿ ಇದೆ: ಒಂದು ಹಂಗಾಮು, ಒಂದು ಬೆಳೆ, ಒಂದು ಅಂದಾಜು.

ಸಹಾಯದ ಹೆಸರನ್ನೇ ಗಮನಿಸಿ. ಕಡತಗಳಲ್ಲಿ ಇದು 'ಇನ್‌ಪುಟ್ ಸಬ್ಸಿಡಿ'. ಬೆಳೆ ಹೋದವನು ಮುಂದಿನ ಬಿತ್ತನೆಗೆ ಬೀಜ, ಗೊಬ್ಬರ ಕೊಳ್ಳಲಿ ಎಂಬ ಆಸರೆ. ನಷ್ಟವನ್ನು ಪೂರ್ತಿ ತುಂಬಿಕೊಡುವ ಪರಿಹಾರವಲ್ಲ. ರಾಗಿಗೆ ಇದು ಸರಿ. ತೆಂಗಿಗೆ ಮರುವರ್ಷ ಬಿತ್ತನೆ ಇಲ್ಲ. ತೆಂಗಿಗೆ ಕವಲೂ ಇಲ್ಲ. ಇರುವ ಒಂದೇ ಸುಳಿ ಒಣಗಿದರೆ ಮರ ಸತ್ತಂತೆ. ಹೊಸ ಸಸಿ ನೆಟ್ಟರೆ ಎತ್ತರದ ತಳಿ ಫಸಲು ಕೊಡಲು ಆರರಿಂದ ಎಂಟು ವರ್ಷ ಬೇಕು. ಈಗ ದರವನ್ನು ಮರಕ್ಕೆ ಹಂಚಿ ನೋಡಿ. ಏಳೂವರೆ ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಹೆಕ್ಟೇರಿಗೆ ಸುಮಾರು 175 ಮರ. 22,500 ರೂಪಾಯಿಯನ್ನು ಭಾಗಿಸಿದರೆ ಮರಕ್ಕೆ ಬರುವುದು 129 ರೂಪಾಯಿ.

ಮರವನ್ನೇ ಏಕಮಾನವಾಗಿ ಇಟ್ಟುಕೊಂಡ ಉದಾಹರಣೆಗಳಿಲ್ಲವೇ? ಇವೆ. 2018ರ ನವೆಂಬರಿನಲ್ಲಿ ಗಜ ಚಂಡಮಾರುತ ತಮಿಳುನಾಡಿನ ತಂಜಾವೂರು, ಪುದುಕ್ಕೋಟೈ ಸೀಮೆಯ ತೆಂಗಿನ ತೋಟಗಳನ್ನು ಉರುಳಿಸಿತು. ಆಗ ಅಲ್ಲಿಯ ಸರ್ಕಾರ ಬಿದ್ದ ಪ್ರತಿ ಮರಕ್ಕೆ 600 ರೂಪಾಯಿ, ಅದನ್ನು ಕಡಿದು ಸಾಗಿಸಲು 500 ರೂಪಾಯಿ ಘೋಷಿಸಿತು. ಹೆಕ್ಟೇರಿಗೆ 175 ಮರದಂತೆ 1,92,500 ರೂಪಾಯಿ. ಫಿಲಿಪ್ಪೀನ್ಸಿನಲ್ಲಿ 2013ರ ಹೈಯಾನ್ ಚಂಡಮಾರುತಕ್ಕೆ ಸಿಲುಕಿದ ತೆಂಗಿನ ಮರಗಳು ಸುಮಾರು 3.3 ಕೋಟಿ. ಅಲ್ಲಿಯೂ ನಷ್ಟದ ಲೆಕ್ಕ ಮರದ್ದೇ. ಚಂಡಮಾರುತ ಮರವನ್ನು ಕೆಡವುತ್ತದೆ, ಎಣಿಸುವುದು ಸುಲಭ. ಬರ ಮರವನ್ನು ನಿಲ್ಲಿಸಿಯೇ ಬರಿದು ಮಾಡುತ್ತದೆ. ಆದ್ದರಿಂದ ಎಣಿಕೆ ಕಷ್ಟ, ಆದರೆ ಅಸಾಧ್ಯವಲ್ಲ.

ಸತ್ತ ಮರಕ್ಕೆ ವಿಮೆಯ ಪ್ರಯತ್ನವೂ ನಡೆದಿದೆ. ತೆಂಗು ಅಭಿವೃದ್ಧಿ ಮಂಡಳಿ 2009-10ರಲ್ಲಿ ಆರಂಭಿಸಿದ ತೆಂಗಿನ ಮರ ವಿಮಾ ಯೋಜನೆಯಲ್ಲಿ 4ರಿಂದ 60 ವರ್ಷದ ಮರಗಳಿಗೆ ರಕ್ಷಣೆಯಿತ್ತು. ವಿಮಾ ಕಂತಿನ ಅರ್ಧ ಮಂಡಳಿಯದು, ಕಾಲು ಭಾಗ ರಾಜ್ಯದ್ದು, ಕಾಲು ಭಾಗ ರೈತನದು. ಆದರೆ ಹಣ ಸಿಗುತ್ತಿದ್ದುದು ಮರ ಸತ್ತರೆ ಅಥವಾ ಪೂರ್ತಿ ನಿರುಪಯುಕ್ತವಾದರೆ. ಬದುಕಿದ್ದೂ ಕಾಯಿ ಬಿಡದ ಮರ ಅದರ ವ್ಯಾಪ್ತಿಯಲ್ಲೂ ಇರಲಿಲ್ಲ.

ಬೆಲೆ ಏರಿದರೆ ಸರಿಹೋಯಿತೇ?

2023ರಲ್ಲಿ ಉಂಡೆ ಕೊಬ್ಬರಿಯ ಮಾರುಕಟ್ಟೆ ಬೆಲೆ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತಲೂ ಬಹಳ ಕೆಳಗೆ ಕುಸಿದಿತ್ತು. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಅದು 25,000 ರೂಪಾಯಿ ದಾಟಿತು. ಬೆಲೆ ಏರಲು ಕಾರಣ ಹಲವು; ಕಾಯಿಯ ಕೊರತೆ ಅವುಗಳಲ್ಲಿ ಮುಖ್ಯವಾದದ್ದು. ಇಲ್ಲಿಯೂ ಕಾಲದ ಅಂತರವನ್ನು ಗಮನಿಸಿ. ಬರದ ವರ್ಷ ಅಟ್ಟದ ಮೇಲೆ ಹಳೆಯ ಕಾಯಿ ಇತ್ತು, ಬೆಲೆ ಇರಲಿಲ್ಲ. ಬೆಲೆ ಬಂದಾಗ ಅಟ್ಟ ಖಾಲಿಯಾಗಿತ್ತು. ನೀರಿದ್ದವನ ತೋಟಕ್ಕೆ ಈ ಬೆಲೆ ವರವಾಯಿತು. ಕೊಳವೆಬಾವಿ ಬತ್ತಿದವನಿಗೆ ಅದು ಪತ್ರಿಕೆಯಲ್ಲಿ ಓದುವ ಸುದ್ದಿ ಮಾತ್ರ.

ನೀವು ಮಾಡಬಹುದಾದದ್ದು

ನಿಯಮ ಬದಲಾಗುವುದು ನಿಧಾನ. ಅಷ್ಟರೊಳಗೆ ಬೆಳೆಗಾರರು ಮಾಡಿಕೊಳ್ಳಬಹುದಾದ ಕೆಲವು ಕೆಲಸಗಳಿವೆ.

ಮೊದಲನೆಯದು ದಾಖಲೆ. 2023-24ರ ಬರ ಪರಿಹಾರವನ್ನು ರೈತರ 'ಫ್ರೂಟ್ಸ್' ಗುರುತಿನ ಸಂಖ್ಯೆ, ಬೆಳೆ ಸಮೀಕ್ಷೆ ಮತ್ತು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗಳ ಆಧಾರದ ಮೇಲೆ ನೇರವಾಗಿ ಪಾವತಿ ಮಾಡಲಾಯಿತು. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಆ ಸಂಖ್ಯೆಗೆ ಸೇರಿವೆಯೇ ನೋಡಿಕೊಳ್ಳಿ. ಬೆಳೆ ಸಮೀಕ್ಷೆಯಲ್ಲಿ ತೆಂಗು ನಮೂದಾಗಿದೆಯೇ ಪರೀಕ್ಷಿಸಿ. ಮರದ ಸಾಲಿನ ನಡುವೆ ರಾಗಿ, ಹುರುಳಿ ಹಾಕಿದ ಹೊಲದಲ್ಲಿ ಅಂತರಬೆಳೆ ಮಾತ್ರ ದಾಖಲಾದರೆ ದರವೇ ಬದಲಾಗುತ್ತದೆ. ಪಹಣಿ ಇನ್ನೂ ತೀರಿಹೋದ ತಂದೆ, ತಾತನ ಹೆಸರಿನಲ್ಲಿದ್ದರೆ ಪೌತಿ ಖಾತೆ ಮಾಡಿಸಿಕೊಳ್ಳಿ. ಬರ ಬಂದ ಮೇಲೆ ಕಚೇರಿಗೆ ಓಡಾಡುವುದಕ್ಕಿಂತ ಬರುವ ಮುಂಚೆ ಮಾಡುವುದು ಲೇಸು.

ಎರಡನೆಯದು ಎಣಿಕೆ. ತೋಟದ ಬೇರೆ ಬೇರೆ ಭಾಗಗಳಲ್ಲಿ ಹತ್ತು ಮರ ಆರಿಸಿ, ಕಾಂಡಕ್ಕೆ ಬಣ್ಣದಲ್ಲಿ ಸಂಖ್ಯೆ ಬರೆಯಿರಿ. ಪ್ರತಿ ಕೊಯ್ಲಿನಲ್ಲಿ ಆ ಮರಗಳ ಕಾಯಿಯನ್ನು ಬೇರೆಯಾಗಿ ಎಣಿಸಿ ಒಂದು ನೋಟ್ ಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆದಿಡಿ. ತಿಂಗಳಿಗೊಮ್ಮೆ ಬುಡದಲ್ಲಿ ಉದುರಿದ ಹರಳು ಎಣಿಸಿ. ಸಾಧ್ಯವಾದರೆ ಮರದ ತಲೆಯ ಫೋಟೋ ತೆಗೆದಿಡಿ. ಮಾಮೂಲಿ ವರ್ಷದ ಇಳುವರಿ ಎಷ್ಟು ಎಂಬ ಲೆಕ್ಕವೇ ಇಲ್ಲದಿದ್ದರೆ ಶೇ. 33 ನಷ್ಟವಾಯಿತು ಎಂದು ಯಾರಿಗೂ ತೋರಿಸಲಾಗದು.

ಮೂರನೆಯದು ತೇವ ಕಾಪಾಡುವುದು. ತೆಂಗಿಗೆ ತಾಯಿಬೇರು ಇಲ್ಲ. ಬೇರುಗಳಲ್ಲಿ ಬಹುಪಾಲು ಬುಡದ ಸುತ್ತ ಎರಡು ಮೀಟರ್ ಒಳಗೆ ಇರುತ್ತವೆ. ಅಷ್ಟು ಜಾಗಕ್ಕೆ ಸೋಗೆ, ತರಗು ಹೊದಿಸಿ. ತೆಂಗಿನ ಮಟ್ಟೆಯನ್ನು ಬುಡದ ಸುತ್ತಲಿನ ಪಾತಿಯಲ್ಲಿ ಹೂಳಿ. ಅದು ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹಿಡಿದಿಡುತ್ತದೆ, ಐದಾರು ವರ್ಷ ಕೆಲಸ ಮಾಡುತ್ತದೆ. ಇರುವ ನೀರನ್ನು ಹನಿ ನೀರಾವರಿಯಲ್ಲಿ ಕೊಡಿ. ಈ ಬಗ್ಗೆ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯಬಹುದು.

ಅಳತೆಗೋಲು ಬದಲಾಗಬೇಕು

ಸರ್ಕಾರದ ಕಡೆಯಿಂದ ಆಗಬೇಕಾದದ್ದು ಅಸಾಧ್ಯವಾದುದೇನಲ್ಲ. ತೀವ್ರ ಬರ ಘೋಷಣೆಯಾದ ತಾಲ್ಲೂಕಿನಲ್ಲಿ ತೆಂಗಿನಂಥ ಬೆಳೆಗೆ ಒಂದೇ ಸಮೀಕ್ಷೆ ಸಾಲದು. ಮುಂದಿನ ಮೂರು ವರ್ಷ ಗೊತ್ತುಮಾಡಿದ ಮಾದರಿ ತೋಟಗಳಲ್ಲಿ ಕಾಯಿ, ಹೊಂಬಾಳೆ, ಹರಳುಗಳ ಎಣಿಕೆ ನಡೆಯಬೇಕು. ನಷ್ಟವನ್ನು ವರ್ಷವಾರು ನೋಡದೆ ಒಟ್ಟುಗೂಡಿಸಿ ನೋಡಬೇಕು. ಹೆಕ್ಟೇರಿನ ಜೊತೆಗೆ ಮರದ ಸಂಖ್ಯೆಯೂ ದಾಖಲಾಗಬೇಕು. ಮಳೆಮಾಪಕ ಪಂಚಾಯಿತಿಗೆ ಬಂದಿದೆ, ಬೆಳೆ ಸಮೀಕ್ಷೆ ಮೊಬೈಲಿಗೆ ಬಂದಿದೆ. ಮರದ ಕಾಲಮಾನವನ್ನು ನಿಯಮದೊಳಗೆ ತರುವುದು ಬಾಕಿ ಉಳಿದಿದೆ.

ಈ ಕೆಲಸವನ್ನು ಶಾಲೆಗಳ ವಿಜ್ಞಾನ ಸಂಘಗಳೂ ಆರಂಭಿಸಬಹುದು. ಹುಳಿಯಾರಿನಲ್ಲೋ ನೊಣವಿನಕೆರೆಯಲ್ಲೋ ಮಾಯಸಂದ್ರದಲ್ಲೋ ಒಂದು ಶಾಲೆಯ ಮಕ್ಕಳು ಊರಿನ ಐವತ್ತು ಮರಗಳನ್ನು ಗುರುತು ಮಾಡಿ, ತಿಂಗಳಿಗೊಮ್ಮೆ ಹರಳು ಎಣಿಸಿ, ಪಂಚಾಯಿತಿಯ ಮಳೆ ಅಂಕಿಯ ಪಕ್ಕದಲ್ಲಿ ಬರೆಯುತ್ತಾ ಹೋಗಲಿ. ಮೊದಲ ವರ್ಷ ಅದರಿಂದ ಹೆಚ್ಚೇನೂ ತಿಳಿಯದು. ನಾಲ್ಕನೆಯ ವರ್ಷ, ಎಂಟನೆಯ ತರಗತಿಯಲ್ಲಿ ಎಣಿಕೆ ಶುರುಮಾಡಿದ ಮಕ್ಕಳು ಕಾಲೇಜು ಸೇರುವ ಹೊತ್ತಿಗೆ, ಆ ನೋಟ್ ಪುಸ್ತಕ ತಮ್ಮ ಊರಿನ ತೆಂಗಿಗೆ ಬರ ಏನು ಮಾಡುತ್ತದೆ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಮುಂದಿನ ಬರ ಬಂದಾಗ ತಹಸೀಲ್ದಾರರ ಮೇಜಿನ ಮೇಲೆ ಇಡಲು ಒಂದು ಲೆಕ್ಕ ಇರುತ್ತದೆ.